ಭಾನುವಾರದ ಡಿಫ್ರಾಗ್

ಬಾಗಿಲಿನಾಚೆ ಗಂಡನೂ ಅತ್ತೆಯೂ ಪಿಸುಗುಟ್ಟುತ್ತಿದ್ದರು. ಕಂಪ್ಯೂಟರಿನ ಮುಂದೆ ಕೂತಿದ್ದ ದಾಕ್ಷಾಯಣಿ ತೊಡೆ ಚಿವುಟಿಕೊಂಡಳು. ಇವತ್ತು ನಿದ್ದೆ ಮಾಡುವ ಹಾಗಿರಲಿಲ್ಲ. ಇವತ್ತು ಕಳ್ಳರನ್ನು ಹಿಡಿಯಬೇಕಿತ್ತು.

ಪರದೆಯ ಮೇಲೆ ಬಣ್ಣದ ಚೌಕಗಳು ಒಂದೊಂದಾಗಿ ಜಾಗ ಬದಲಿಸುತ್ತಿದ್ದವು. ಕೆಂಪು ಹೋಗಿ ನೀಲಿ, ನೀಲಿ ಹೋಗಿ ಬಿಳಿ. ಕೆಲವು ತಿಂಗಳಿಂದ ಪ್ರತಿ ಭಾನುವಾರ ಊಟವಾದ ಮೇಲೆ ಇದೇ ಸೇವೆ, ಹೆಸರು 'ಡಿಫ್ರಾಗ್'. ಗಂಡ ವಿಜಯಕುಮಾರ ಜಾಲಹಳ್ಳಿಯ ಕಾರ್ಖಾನೆಯೊಂದರಲ್ಲಿ ಯಂತ್ರಗಳ ರಿಪೇರಿ ಮಾಡುವವನು. ಯಂತ್ರದ ವಿಷಯದಲ್ಲಿ ಮನೆಯಲ್ಲಿ ಅವನು ಹೇಳಿದ್ದೇ ವೇದವಾಕ್ಯ.

"ಡಿಸ್ಕಿನ್ಯಾಗ ಎಲ್ಲಾ ಚೆಲ್ಲಾಪಿಲ್ಲಿ ಆಗಿರ್ತದ. ಜೋಡಿಸಿಟ್ರ ಕುದುರಿ ಓಡಿದಂಗ ಓಡ್ತದ. ನೀ ಕುಂತು ನೋಡ್ಕೋತ ಇರು, ನಡುವ ನಿಂತ್ರ ನನ್ನ ಕರಿ," ಎಂದು ಹೇಳಿ ಅವನು ಹೊರಗೆ ಹೋಗುತ್ತಿದ್ದ. ಹೋಗುವಾಗ ಮಲಗುವ ಕೋಣೆಯ ಬಾಗಿಲಿಗೆ ಕೆಂಪು ಬೋರ್ಡೊಂದನ್ನು ನೇತುಹಾಕುತ್ತಿದ್ದ. 'ದುರಸ್ತಿ ನಡೆದಿದೆ. ಮುಟ್ಟಬೇಡಿ.' ಕಾರ್ಖಾನೆಯಲ್ಲಿ ಅಂಥ ಬೋರ್ಡು ಬಿದ್ದ ಯಂತ್ರವನ್ನು ದೊಡ್ಡ ಸಾಹೇಬರೂ ಮುಟ್ಟುವಂತಿಲ್ಲ. ಇಲ್ಲೂ ಅದೇ ಕಾನೂನು. ಬೋರ್ಡು ಬಿದ್ದರೆ ಟಿವಿ ಬಂದ್, ಮಿಕ್ಸಿ ಬಂದ್. ಕರೆಂಟು ಏರುಪೇರಾದರೆ ಡಿಸ್ಕು ಕೆಡುತ್ತದಂತೆ.

ಅತ್ತೆ ಪಾರವ್ವನೂ ಇದಕ್ಕೆ ಚಕಾರ ಎತ್ತಿರಲಿಲ್ಲ. ಟಿವಿ ಬಿಟ್ಟು ಏಳದ ಜೀವ, ಮಗನ ಡಿಸ್ಕಿಗಾಗಿ ಅದನ್ನೂ ಬಿಟ್ಟಿತ್ತು. ಅನುಮಾನ ಅಲ್ಲೇ ಹುಟ್ಟಬೇಕಿತ್ತು. ಆದರೆ ದಾಕ್ಷಾಯಣಿಗೆ ಅನುಮಾನಪಡುವುದಕ್ಕೂ ಪುರುಸೊತ್ತು ಬೇಕಲ್ಲ? ಕತ್ತಲಲ್ಲೇ ಎದ್ದು ರೊಟ್ಟಿ ಬಡಿದು, ಎರಡು ಬಸ್ಸು ಹತ್ತಿಳಿದು ಯಲಹಂಕದ ಕಾಲೇಜಿನ ಆಫೀಸು ಸೇರಬೇಕು. ಸಂಜೆ ಬಂದರೆ ಮತ್ತೆ ಒಲೆ. ಭಾನುವಾರವಾದರೂ ಕಾಲು ಚಾಚಬಾರದೇ ಎಂದು ಯಾರಾದರೂ ಅಂದರೆ ಅವಳಿಗೆ ಅವಮಾನವಾದಂತೆ. "ಅಯ್ಯ, ಅತ್ತಿ ಎದ್ದು ಓಡಾಡೂವಾಗ ಸೊಸಿ ಹಗಲೊತ್ತು ಮಲಗೂದೇನು?" ತವರಿನಲ್ಲಿ ಕಲಿತ ಪಾಠ. ಬಿಟ್ಟುಕೊಡುವ ಹೆಣ್ಣಲ್ಲ ಅವಳು.

ಆದ್ದರಿಂದಲೇ ಈ ಚೌಕಗಳ ವಿಷಯದಲ್ಲಿ ಅವಳಿಗೊಂದು ಅಳುಕಿತ್ತು. ಪ್ರತಿ ವಾರವೂ ನೋಡುನೋಡುತ್ತಲೇ ಕಣ್ಣು ಎಳೆಯುತ್ತಿತ್ತು, ಪಕ್ಕದ ಮಂಚಕ್ಕೆ ಒರಗಿಬಿಡುತ್ತಿದ್ದಳು. ಎಚ್ಚರವಾದಾಗ ಸಂಜೆ. ಮೈಮೇಲೆ ದುಪ್ಪಟಿ ಇರುತ್ತಿತ್ತು, ನಿದ್ದೆಗಣ್ಣಲ್ಲಿ ತಾನೇ ಎಳೆದುಕೊಂಡಿರಬೇಕು. ಗಂಡ ಇಣುಕಿ "ಆತೇನು?" ಎಂದರೆ ಕೂದಲು ಸರಿಮಾಡಿಕೊಳ್ಳುತ್ತ "ಆತ್ರಿ" ಎನ್ನುತ್ತಿದ್ದಳು. ಪಾಪ, ಮನುಷ್ಯ ನಂಬುತ್ತಿದ್ದ. ಆ ಸಂಜೆಗಳಲ್ಲಿ ಅದೇಕೋ ಕೆಲಸವೂ ಬೇಗ ಮುಗಿಯುತ್ತಿತ್ತು.

ಎಲ್ಲ ಕೆಟ್ಟದ್ದು ಈ ಗುರುವಾರ. ಮೌಸ್ ಕೈಕೊಟ್ಟಿತೆಂದು ಅವಳು ಅನ್ವರನ ಅಂಗಡಿಗೆ ಹೋಗಿದ್ದಳು. ಅವರ ಕಂಪ್ಯೂಟರನ್ನು ನೋಡಿಕೊಳ್ಳುವವನು ಅವನೇ. ಮಾತಿಗೆ ಮಾತು ಬಂದು ಭಾನುವಾರದ ಸೇವೆಯ ಸುದ್ದಿ ಹೊರಬಿತ್ತು.

ಅನ್ವರ್ ಜೋರಾಗಿ ನಕ್ಕ. "ಡಿಫ್ರಾಗಾ? ಯಾಕಕ್ಕಾ? ಹೋದ್ ವರ್ಷಾನೇ ಅಣ್ಣ ಹಳೇ ಡಿಸ್ಕ್ ತೆಗೆಸಿ ಎಸ್‌ಎಸ್‌ಡಿ ಹಾಕಿಸ್ಕೊಂಡ್ರಲ್ಲ. ಅದ್ರಲ್ಲಿ ತಿರುಗೋ ತಟ್ಟೇನೇ ಇಲ್ಲ. ಎಲ್ಲೇ ಇಟ್ರೂ ಒಂದೇ ಸ್ಪೀಡು, ಜೋಡಿಸೋದೇನ್ ಬಂತು?"

"ರಿಜಿಸ್ಟ್ರಿ? ಅದನ್ನೂ ಒಂದಿನ ಕ್ಲೀನ್ ಮಾಡೂಣು ಅಂತಿದ್ರು."

"ಅದು ವಿಂಡೋಸಿನ ಸೆಟ್ಟಿಂಗ್‌ಗಳ ಪಟ್ಟಿ ಅಷ್ಟೇ, ಕ್ಲೀನ್ ಮಾಡಿದ್ರೂ ಸ್ಪೀಡ್ ಬರಲ್ಲ. ಎಡವಟ್ಟಾದ್ರೆ ಇರೋದೂ ಹೋಗುತ್ತೆ."

"ಹಂಗಾರ ಆ ಬಣ್ಣದ ಚೌಕ?"

"ಆ ಚೌಕಗಳು ವಿಂಡೋಸಿಂದ ಮಾಯ ಆಗಿ ಕಾಲ ಆಯ್ತಕ್ಕಾ. ಅಣ್ಣ ಯಾವ್ದೋ ಹಳೇ ವಿಡಿಯೊ ಹಾಕಿ ಕೂರಿಸಿರ್ಬೇಕು ನಿಮ್ಮನ್ನ!"

ದಾಕ್ಷಾಯಣಿಗೆ ನಗು ಬರಲಿಲ್ಲ. ಡಿಸ್ಕು ಸುಳ್ಳು, ಚೌಕ ಸುಳ್ಳು. ಹಾಗಾದರೆ ತನ್ನನ್ನು ಕೋಣೆಯಲ್ಲಿ ಕೂರಿಸಿ ತಾಯಿ ಮಗ ಹೊರಗೆ ನಡೆಸುತ್ತಿರುವುದೇನು? ಮೊನ್ನೆ ಅತ್ತೆ ಅಂದದ್ದು ನೆನಪಾಯಿತು. "ಈ ನೌಕರಿ ಬಿಟ್ರ ಏನಾಗ್ತದವಾ?" ಓದಿ, ಪರೀಕ್ಷೆ ಬರೆದು, ತಾನಾಗಿ ಸಂಪಾದಿಸಿಕೊಂಡ ನೌಕರಿ. ಅದರ ತೀರ್ಮಾನ ತನ್ನ ಬೆನ್ನ ಹಿಂದೆ ಆಗುತ್ತಿದೆಯೆಂದರೆ ಈ ಗಂಡನನ್ನು ಇನ್ನು ನಂಬುವುದು ಹೇಗೆ? ಭಾನುವಾರ ಬರುವುದನ್ನೇ ಅವಳು ಕಾದಳು.

"ಆಕಿಗೆ ಗೊತ್ತಾಗಬಾರ್ದು ಮತ್ತ," ಈಗ ಬಾಗಿಲಿನಾಚೆಯಿಂದ ಪಾರವ್ವನ ದನಿ ಕೇಳಿತು.

ಸಾಕಾಯಿತು. ದಾಕ್ಷಾಯಣಿ ಬಳೆಗಳನ್ನು ಮೇಲಕ್ಕೆ ಸರಿಸಿಕೊಂಡು, ಬೆಕ್ಕಿನ ಹೆಜ್ಜೆಯಲ್ಲಿ ಹೋಗಿ ಬಾಗಿಲನ್ನು ಒಂದು ಬೆರಳಿನಷ್ಟು ತೆರೆದಳು.

ತಾಯಿ ಮಗ ನೆಲದ ಮೇಲೆ ಎದುರುಬದುರು ಕೂತು ಅವರೆಕಾಯಿ ಬಿಡಿಸುತ್ತಿದ್ದರು. ಸಂಜೆಗೆಂದು ಅವಳು ಎತ್ತಿಟ್ಟಿದ್ದ ಅವರೆಕಾಯಿ. ಪಕ್ಕದಲ್ಲಿ, ಅವಳು ಮಡಿಸಬೇಕಿದ್ದ ಬಟ್ಟೆಯೆಲ್ಲ ಮಡಿಸಿಟ್ಟಿತ್ತು. ವಿಜಯಕುಮಾರನ ಕೈಯಿಂದ ಒಂದು ಹಿಡಿ ಕಾಳು ಸ್ಟೀಲಿನ ತಟ್ಟೆಗೆ ಸದ್ದುಮಾಡುತ್ತ ಬಿತ್ತು. ಪಾರವ್ವ ಮಗನ ಮುಂಗೈಗೆ ಪಟ್ಟನೆ ಹೊಡೆದಳು.

"ಮೆಲ್ಲಕೋ, ಎಚ್ಚರಾದಾಳು! ಮಲಕ್ಕೋ ಅಂದ್ರ ಮಲಗೂ ಪೈಕಿ ಅಲ್ಲ ಆಕಿ. ಕೆಲಸ ಅಂದ್ರಷ್ಟ ಕುಂಡ್ರತಾಳ. ನೀ ಆ ಸುಳ್ಳು ಚೌಕ ಹಚ್ಚಿಕೊಟ್ಟಿ ಅಂತ ವಾರಕ್ಕೊಮ್ಮೆರೆ ಕಣ್ಣು ಮುಚ್ಚತಾಳ, ಕೂಸು."

ದಾಕ್ಷಾಯಣಿ ಬಾಗಿಲನ್ನು ಸದ್ದಾಗದಂತೆ ಮುಚ್ಚಿದಳು. ಕಣ್ಣು ಒರೆಸಿಕೊಂಡಳು. ಪರದೆಯಲ್ಲಿ ಚೌಕಗಳು ತಮ್ಮ ಪಾಡಿಗೆ ಓಡುತ್ತಿದ್ದವು. ಅವಳು ಮಂಚದ ಮೇಲೆ ಉದ್ದಕ್ಕೆ ಕಾಲು ಚಾಚಿ ಮಲಗಿ, ದುಪ್ಪಟಿಯನ್ನು ಈ ಸಲ ನಿಜವಾಗಿ ತಾನೇ ಎಳೆದುಕೊಂಡಳು.

ಸಂಜೆ ಎಂದಿನಂತೆ ಗಂಡ ಇಣುಕಿದ. "ಆತೇನು?"

"ಡಿಸ್ಕ್ ಆತ್ರಿ," ಎಂದಳು ಅವಳು, ಕಣ್ಣು ತೆರೆಯದೆ. "ರಿಜಿಸ್ಟ್ರಿ ಬಾಕಿ ಐತಿ."