ಕಣ್ಣಾರೆ ಕಂಡ ಮಂಗ

"ಅಂಗೈಯಗಲದ ಮಂಗ ಗಟ್ಟಿಯೋ, ಏರೋಪ್ಲೇನ್ ಚಿಟ್ಟೆ ಗಟ್ಟಿಯೋ ಅಂತೀರಾ? ಆ ಚಿಟ್ಟೆ ಈ ಮಂಗನ ಬಾಲ ಹಿಡಿದು ಮೋಡದ ತನಕ ಎತ್ಕೊಂಡು ಹೋಗಿದ್ದನ್ನ ನಾನು ಕಣ್ಣಾರೆ ಕಂಡಿದೀನಿ!" ಮ್ಯೂಸಿಯಮ್ಮಿನ ಗೈಡ್ ತಾತ ಎಂದಿನಂತೆ ಎಡಗಡೆಯ ಗಾಜಿನ ಪೆಟ್ಟಿಗೆ ತಟ್ಟಿದ. "ನೋಡಿ, ಬಾಲದ ಗಾಯ ಇನ್ನೂ ಆರಿಲ್ಲ."

ಮಕ್ಕಳು ಬಿದ್ದು ಬಿದ್ದು ನಕ್ಕರು. ಇಲ್ಲಿ ಎಲ್ಲರೂ ಬಾಯಿ ಬಿಟ್ಟು ನೋಡಬೇಕಿತ್ತಲ್ಲ? ತಾತ ತಬ್ಬಿಬ್ಬಾದ.

"ಮಂಗನಿಗೆ ರೆಕ್ಕೆ ಯಾವಾಗ ಬಂತು ತಾತ?" ಎಂದಳೊಬ್ಬಳು.

ಅವನು ಗಾಜಿಗೆ ಮೂಗು ಒತ್ತಿದ. ಎಡಕ್ಕೂ ಮಂಜು, ಬಲಕ್ಕೂ ಮಂಜು.

"ಮಂಗನ ಪೆಟ್ಟಿಗೆ, ಚಿಟ್ಟೆ ಪೆಟ್ಟಿಗೆ ಎರಡನ್ನೂ ಬೆಳಿಗ್ಗೆ ನಾನೇ ಅದಲು ಬದಲು ಮಾಡಿಸಿದೆ. ನಿಮಗೆ ಕಾಣಲಿಲ್ವಾ?" ಎಂದರು ಹಿಂದೆ ನಿಂತಿದ್ದ ಮೇಲಧಿಕಾರಿ.

ಇನ್ನೊಂದು ಬುರುಡೆ ಬಿಡಲು ಬಾಯಿ ತೆರೆದ ತಾತ, ಗಾಜಿನಿಂದ ಮುಖ ತೆಗೆದು ಅವರ ದನಿ ಬಂದತ್ತ ತಿರುಗಿದ. "ಕೆಲಸ ಹೋಗುತ್ತೆ ಅಂತ ಮುಚ್ಚಿಟ್ಟೆ ಮೇಡಂ," ಎಂದ. "ನಾನು ಕಣ್ಣಾರೆ ಏನಾದ್ರೂ ಕಂಡು ಎರಡು ವರ್ಷ ಆಯ್ತು."