ಗುಂಡಿ ಡಬ್ಬಿ

ಮನೆ ಮುಂದಿನ ಮರಕ್ಕೆ ಕಟ್ಟಿದ್ದ ಅಂಟುಹಾಳೆಯಿಂದ ಸೂಜಿಮೊನೆಯಲ್ಲಿ ಹುಳ ಎಬ್ಬಿಸುತ್ತಿದ್ದ ಅತ್ತೆಯ ಕೈ ಹಾಗೇ ನಿಂತುಬಿಟ್ಟಿತು. ಬೆನ್ನ ಹಿಂದೆ ಸೊಸೆ ಹುಳದ ಲೆಕ್ಕದ ಪುಸ್ತಕ ಹಿಡಿದು ಬಂದಿದ್ದಳು, ಎಂದಿಗಿಂತ ಅರ್ಧ ಗಂಟೆ ಮೊದಲೇ.

“ಏನ್ ಮಾಡ್ತಿದ್ದೀರಿ ಅತ್ತೆ?”

“ಹಾಳೆ ಚೊಕ್ಕ ಮಾಡ್ತಿದ್ದೀನಿ. ಬೀದಿ ಮರಗಳನ್ನೆಲ್ಲ ಕಾಯೋಳ ಮನೆ ಮುಂದೇನೇ ಹುಳ ಅಂದ್ರೆ ನಿನ್ನ ಮರ್ಯಾದೆ ಏನಾಗ್ಬೇಕು?”

ಸೊಸೆಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಹೊರದೇಶದ ಹಸಿರು ದುಂಬಿಯೊಂದು ಈ ನೆಲದ ಮರಗಳನ್ನು ಕೊರೆಯತೊಡಗಿದ ಮೇಲೆ ಬೀದಿಯವರೇ ಸೇರಿ ಮರಮರಕ್ಕೂ ಅಂಟುಹಾಳೆ ಕಟ್ಟಿದ್ದರು. ಹುಳ ಸಿಕ್ಕ ಮರಕ್ಕೆ ಅವತ್ತೇ ಮದ್ದು. ಈ ಮರದ ಹೆಸರಿನ ಮುಂದೆ ಮಾತ್ರ ಅವಳು ಕೈಯಾರೆ ವಾರವಾರವೂ ಸೊನ್ನೆ ಸುತ್ತುತ್ತ ಬಂದಿದ್ದಳು.

“ಹಸಿರು ಹುಳ ಏನಾದ್ರೂ ಇತ್ತಾ?”

ಅತ್ತೆ ನಲವತ್ತು ವರ್ಷ ಹೊಲಿಗೆ ಮಿಷನ್ ತುಳಿದವರು. ಮಿನುಗುವುದನ್ನು ಎಸೆದು ಗೊತ್ತಿಲ್ಲ. ಒಳಗಿನಿಂದ ಗುಂಡಿ ಡಬ್ಬಿ ತಂದು ಮುಚ್ಚಳ ತೆಗೆದರು. ಬಿಳಿ ಗುಂಡಿಗಳ ನಡುವೆ ಹಸಿರು ದುಂಬಿಗಳು ಥಳಥಳ ಹೊಳೆದವು.

“ವಾರಕ್ಕೊಂದರಂತೆ ಏಳು. ಒಂದು ಅಂಗಿಗೆ ಆಗುತ್ತೆ ನೋಡು,” ಎಂದು ನಕ್ಕರು.

ಸೊಸೆ ನಗಲಿಲ್ಲ. ಪುಸ್ತಕ ಬಿಡಿಸಿ, ಸಾಲಾಗಿದ್ದ ಏಳು ಸೊನ್ನೆಗಳ ಮೇಲೆ ಮೆಲ್ಲಗೆ ಬೆರಳಾಡಿಸಿದಳು. ಅತ್ತೆ ಒಮ್ಮೆ ಆ ಸೊನ್ನೆಗಳನ್ನು ನೋಡಿದರು, ಒಮ್ಮೆ ತಲೆಯೆತ್ತಿ ತುದಿಯಲ್ಲಿ ಬೋಳಾಗತೊಡಗಿದ್ದ ಕೊಂಬೆಗಳನ್ನು. ಸೂಜಿಯನ್ನು ಸೆರಗಿಗೆ ಚುಚ್ಚಿಕೊಂಡವರೇ, ಡಬ್ಬಿ ಸಮೇತ ನಡುಬೀದಿಗೆ ಹೋಗಿ ನಿಂತರು.

“ಎಲ್ಲಾರೂ ಬನ್ರಪ್ಪಾ!” ಎಂದು ಗಂಟಲೆತ್ತಿ ಕೂಗಿದರು, “ನಮ್ಮ ಮರಕ್ಕೇ ಹುಳ ಹತ್ತಿದೆ!”