ಕರೆದರೆ ಉಲ್ಟಾ ಓಡುವ ಮರಿ

"ಒಂದೋ ಇದಕ್ಕೆ ಕಿವಿ ಕೇಳಲ್ಲ, ಇಲ್ಲಾಂದ್ರೆ ತಲೆ ಸರಿ ಇಲ್ಲ ಮೇಡಂ," ಎನ್ನುತ್ತಾ ಸಲೂನಿನವನು ನಾಯಿಮರಿಯನ್ನು ಡಾಕ್ಟರಮ್ಮನ ಮೇಜಿನ ಮೇಲೆ ಇಳಿಸಿದ. "ಬಾಗಿಲಲ್ಲಿ ನಿಂತು 'ಗುಂಡೀ' ಅಂತ ಗಂಟಲು ಹರಿಯೋ ಹಾಗೆ ಕರೀತೀನಿ. ನನ್ನ ಹತ್ರ ಬರೋದು ಬಿಟ್ಟು ಒಳಗೆ ಓಡಿಹೋಗುತ್ತೆ."

"ಕರೆದಾಗ ಓಡುತ್ತೆ ಅಂದ್ರೆ ಕೇಳಿಸುತ್ತೆ ಅಂತಾನೇ ಅಲ್ವಾ?" ಡಾಕ್ಟರಮ್ಮ ನಗುತ್ತಾ ಮರಿಗೆ ಮೂರನೇ ಸಲದ ಲಸಿಕೆ ಚುಚ್ಚಿದರು.

"ಅದೆಲ್ಲ ನಂಗೊತ್ತಿಲ್ಲ, ನೀವು ಪರೀಕ್ಷೆ ಮಾಡಿಬಿಡಿ," ಎಂದವನು ಗೋಡೆ ಬದಿಯ ಬೆಂಚಿನಲ್ಲಿ ಕೂತಿದ್ದ ಹೆಂಡತಿಯತ್ತ ತಿರುಗಿದ. "ಕಿವಿ ಕೇಳದ್ದನ್ನ ಮನೇಲಿಟ್ಕೊಂಡು ಏನು ಮಾಡೋದು, ನೀನೇ ಹೇಳು. ಸಂಜೆ ಬಡಗಿಗೆ ವಾಪಸ್ ಕೊಟ್ಟುಬರ್ತೀನಿ."

ಹೆಂಡತಿ ಅವನ ಮುಖವನ್ನೇ ನೋಡಿದಳು. ಮರಿಯನ್ನು ಸುತ್ತಿ ತಂದಿದ್ದ ಟವೆಲನ್ನು ತೊಡೆಯ ಮೇಲೆ ಮಡಿಸಿ, ಬಿಡಿಸಿ, ಮತ್ತೆ ಮಡಿಸಿದಳು. ಆಮೇಲೆ ಕಿಟಕಿಯ ಕಡೆ ಮುಖ ತಿರುಗಿಸಿಕೊಂಡಳು.

ಸಲೂನಿನವನು ಕೆಟ್ಟ ಮನುಷ್ಯನೇನಲ್ಲ. ಎರಡೂವರೆ ತಿಂಗಳ ಹಿಂದೆ ತನ್ನ ಗಿರಾಕಿ ಬಡಗಿಯೊಬ್ಬ ಕೊಟ್ಟ ಮರಿಯನ್ನು ಕ್ಷೌರದ ಟವೆಲಿನಲ್ಲೇ ಸುತ್ತಿಕೊಂಡು ಬಂದವನು ಅವನೇ. ಅದರ ಕಣ್ಣು ಕೋಟಿನ ಗುಂಡಿಯ ಹಾಗಿದೆಯೆಂದು ಹೊಲಿಗೆ ಕೆಲಸದ ಹೆಂಡತಿ ಅದಕ್ಕೆ ಗುಂಡಿ ಎಂದೇ ಹೆಸರಿಟ್ಟಳು. ಹಾಸಿದ ಪೇಪರನ್ನು ಬಿಟ್ಟು ಮನೆಯ ಉಳಿದ ಕಡೆಯೆಲ್ಲ ಅದು ಉಚ್ಚೆ ಹೊಯ್ದಾಗ ಒರೆಸಿದ, ಎಡಗಾಲಿನ ಚಪ್ಪಲಿಯನ್ನು ಕಡಿದು ಚಿಂದಿ ಮಾಡಿದಾಗಲೂ ಸುಮ್ಮನಿದ್ದ. ಅದಕ್ಕೊಂದು ಕಾರಣವಿತ್ತು. ಮರಿ ಬರುವ ಮೊದಲು ಹೆಂಡತಿ ಯಾವುದೋ ವಿಷಯಕ್ಕೆ ಮುನಿಸಿಕೊಂಡ ಹಾಗಿದ್ದಳು. ಬಚ್ಚಲಿಂದ ಐದು ಸಲ ಕೂಗಿದರೂ ಟವೆಲು ಬರುತ್ತಿರಲಿಲ್ಲ. ಬೆನ್ನ ಹಿಂದೆ ನಿಂತು ಊರಿನ ಸುದ್ದಿಯೆಲ್ಲ ಹೇಳಿದರೂ ಹೊಲಿಗೆ ಮೆಷಿನ್ನಿನಿಂದ ತಲೆ ಎತ್ತುತ್ತಿರಲಿಲ್ಲ. ಇವನೂ ಮುಖ ಊದಿಸಿಕೊಂಡು ವಾರಗಟ್ಟಲೆ ಮಾತು ಬಿಟ್ಟಿದ್ದ. ಮರಿ ಬಂದದ್ದೇ ತಡ, ಕೂಗಿದ ಕೂಡಲೇ ಎದ್ದು ಬರತೊಡಗಿದಳು. ನಾಯಿಯ ಕಾಲ್ಗುಣ ಎಂದು ಅರ್ಧ ಊರಿಗೆ ಹೇಳಿಕೊಂಡು ತಿರುಗಿದ್ದ. ಆದರೆ ಅದೇ ನಾಯಿ ತನ್ನನ್ನು ಲೆಕ್ಕಕ್ಕೇ ಇಡುವುದಿಲ್ಲವಲ್ಲ ಎಂಬುದು ಅವನ ಸಂಕಟ.

ಡಾಕ್ಟರಮ್ಮ ಮರಿಯನ್ನು ನೆಲಕ್ಕೆ ಬಿಟ್ಟು, ಅದು ಮೇಜಿನ ಕಾಲು ಮೂಸುತ್ತಿದ್ದಾಗ ಅದರ ಬೆನ್ನ ಹಿಂದೆ ಸ್ಟೀಲ್ ತಟ್ಟೆಯೊಂದನ್ನು ಎತ್ತಿ ಹಾಕಿದರು.

ಸಲೂನಿನವನೇ ಹೌಹಾರಿ ಒಂದು ಹೆಜ್ಜೆ ಹಿಂದೆ ಸರಿದ. ಗುಂಡಿ ಚಂಗನೆ ಹಾರಿ, ಬೆಂಚಿನತ್ತ ಓಡಿ, ಕಿಟಕಿ ನೋಡುತ್ತಿದ್ದ ಹೆಂಡತಿಯ ಪಾದವನ್ನು ಮುಂಗಾಲಿನಿಂದ ಟಕಟಕ ಕೆರೆಯಿತು. ತಟ್ಟೆಯ ಸದ್ದಿಗೂ ಅಲುಗದಿದ್ದ ಅವಳು ಆಗ ತಿರುಗಿದಳು. ಮೊದಲು ಮರಿಯನ್ನು ನೋಡಿದಳು, ನೆಲದಲ್ಲಿ ಇನ್ನೂ ಗಿರ್ರನೆ ಸುತ್ತುತ್ತಿದ್ದ ತಟ್ಟೆಯನ್ನು ನೋಡಿದಳು, ಕೊನೆಗೆ ಇವರಿಬ್ಬರ ಮುಖ ನೋಡಿದಳು.

"ಗುಂಡಿಯ ಕಿವಿ ಚೆನ್ನಾಗಿದೆ," ಎಂದರು ಡಾಕ್ಟರಮ್ಮ ಮೆಲ್ಲಗೆ. ಆಮೇಲೆ ಕೈ ತೊಳೆಯಲು ಒಳಗೆ ಹೋದರು.

ಸಲೂನಿನವನು ಹೆಂಡತಿಯ ಎದುರು ಕುಕ್ಕರಗಾಲಲ್ಲಿ ಕೂತ. "ಯಾವಾಗಿಂದ?"

"ಒಂದು ವರ್ಷ ಆಯ್ತು. ಬಟ್ಟೆ ಹೊಲಿಯೋ ಕಾರ್ಖಾನೇಲಿ ಅಷ್ಟು ಮೆಷಿನ್ ಮಧ್ಯ ಹದಿನೆಂಟು ವರ್ಷ ಕೂತಿದ್ನಲ್ಲ," ಎಂದಳು. "ಎದುರಿಗೆ ನಿಂತು ಮಾತಾಡಿದ್ರೆ ತುಟಿ ನೋಡಿ ಗೊತ್ತಾಗುತ್ತೆ. ಈಗ ನೀವು ಅಂದಿದ್ದೂ ಕಾಣಿಸ್ತು."

ಅವನ ಮುಖ ಸಪ್ಪಗಾಯಿತು. "ನಾನು ನಾಯಿಗೆ ಅಂದಿದ್ದು ಕಣೇ."

"ಗೊತ್ತು. ನೀವು ಕೂಗಿದ್ರೆ, ಬೆಲ್ ಹೊಡೆದ್ರೆ, ಒಲೆ ಮೇಲಿಂದು ಉಕ್ಕಿದ್ರೆ, ಎಲ್ಲಾದಕ್ಕೂ ಇದೇ ಓಡಿಬಂದು ಕಾಲು ಕೆರೆಯುತ್ತೆ. ನಾನು ಕಲಿಸಿಲ್ಲ. ಒಂದಿನ ತಾನಾಗೇ ಕೆರೀತು, ಒಂದು ಚೂರು ಬಿಸ್ಕತ್ತು ಕೊಟ್ಟೆ, ಅಷ್ಟೇ."

"ನನಗೆ ಒಂದು ಮಾತು ಹೇಳೋಕೇನಾಗಿತ್ತು?"

"ನಿಮಗೆ ಮಾತಂದ್ರೆ ಪ್ರಾಣ. ಕೇಳಿಸಲ್ಲ ಅಂತ ಗೊತ್ತಾದ್ರೆ ನನ್ನ ಹತ್ರ ಮಾತಾಡೋದೇ ಬಿಟ್ಟುಬಿಡ್ತೀರಿ ಅಂತ ಹೆದರಿಕೆ ಆಯ್ತು."

ಅವನು ಮರಿಯನ್ನು ಎತ್ತಿ ಎದೆಗೊತ್ತಿಕೊಂಡ. ತಾನು ವರ್ಷವಿಡೀ ಕಾಣದ್ದನ್ನು ಈ ಮೊಳದುದ್ದದ ಜೀವ ಎರಡು ತಿಂಗಳಲ್ಲಿ ಕಂಡುಕೊಂಡು, ಒಂದು ಚೂರು ಬಿಸ್ಕತ್ತಿಗೆ ತನ್ನ ಸಂಸಾರವನ್ನು ಕಾಯ್ದಿತ್ತು. ಅದರ ಋಣ ತೀರಿಸುವುದು ಹೇಗೆಂದು ಅವನಿಗೆ ತಿಳಿಯಲಿಲ್ಲ.

ಅಂದು ಸಂಜೆ ಅವನು ಬಡಗಿಯ ಮನೆಗೆ ಹೋದದ್ದು ನಿಜ. ಬರುವಾಗ ಸಲೂನಿನ ಹಳೆಯ ಕನ್ನಡಿಯೊಂದಕ್ಕೆ ಹೊಸ ಚೌಕಟ್ಟು ಹಾಕಿಸಿ ತಂದಿದ್ದ. ಬಾಗಿಲು ಅರ್ಧ ತೆರೆದಿತ್ತು. ಹೊಸ್ತಿಲಲ್ಲೇ ನಿಂತು, "ಗುಂಡೀ!" ಎಂದು ಕರೆದ. ಮರಿ ಒಮ್ಮೆ ಅವನ ಮುಖ ನೋಡಿ, ಬಾಲ ಅಲ್ಲಾಡಿಸಿ, ಉಲ್ಟಾ ತಿರುಗಿ ಒಳಗೋಡಿತು.

"ಜಾಣಮರಿ," ಎಂದು ಅವನು ಕಾದು ನಿಂತ.

ಹೆಂಡತಿ ಬಂದು ಕನ್ನಡಿ ನೋಡಿ ಹುಬ್ಬೇರಿಸಿದಳು. "ಇದೆಲ್ಲಿಗೆ?"

ಅವನು ಅವಳಿಗೆ ಕಾಣುವಂತೆ ತುಟಿ ಬಿಡಿಸಿ ನಿಧಾನವಾಗಿ ಹೇಳಿದ: "ನಿನ್ನ ಮೆಷಿನ್ ಎದುರಿನ ಗೋಡೆಗೆ. ನನಗೆ ಬೆನ್ನ ಹಿಂದೆ ನಿಂತು ಮಾತಾಡಿಯೇ ಅಭ್ಯಾಸ ಕಣೇ."